ಜಸ್ಟಿಸ್ ಪಾರ್ಟಿಯಿಂದ ಸ್ವತಂತ್ರ ಪಕ್ಷದವರೆಗೆ: ಕೊಳ್ಳೇಗಾಲ–ಯಳಂದೂರು ಸೀಮೆಯಿಂದ ಒಂದು ನೋಟ

ಕೊಳ್ಳೇಗಾಲದಿಂದ ಯಳಂದೂರಿಗೆ ಇಂದು ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. 1956ರ ನವೆಂಬರ್ 1ರವರೆಗೆ ಈ ಎರಡು ಊರುಗಳ ನಡುವೆ ಒಂದು ಗಡಿ ಇತ್ತು. ಟಿಪ್ಪು ಮಡಿದ 1799ರಲ್ಲಿ ಕೊಳ್ಳೇಗಾಲ, ಹನೂರಿನ ಕಾಡಂಚಿನ ಹಳ್ಳಿಗಳ ಸಮೇತ, ಕಂಪನಿ ಸರ್ಕಾರದ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಶಾಸನಸಭೆಗಳ ಕಾಲ ಬಂದಾಗ ಒಂದೇ ಮಾತಿನ, ಒಂದೇ ಮಾದಪ್ಪನಿಗೆ ನಡೆದುಕೊಳ್ಳುವ ಜನ ಎರಡು ಸರ್ಕಾರಗಳ ಕಡೆಗೆ ಮುಖ ಮಾಡಬೇಕಾಯಿತು. ಎರಡೂ ಕಡೆ ಮೊದಲು ಹುಟ್ಟಿದ ಸಂಘಟಿತ ಪಕ್ಷಗಳು ಅರಸೊತ್ತಿಗೆಗೋ ಬ್ರಿಟಿಷ್ ಆಳ್ವಿಕೆಗೋ ನಿಷ್ಠವಾಗಿದ್ದು, ಚಳವಳಿಗೆ ಬದಲು ಮನವಿಯನ್ನು ನಂಬಿದ್ದವು. ಅವುಗಳನ್ನು ಸಂಪ್ರದಾಯವಾದಿ ಎಂದು ಕರೆಯುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ.

ಮದ್ರಾಸಿನಲ್ಲಿ 1916ರ ನವೆಂಬರ್‌ನಲ್ಲಿ ಟಿ.ಎಂ. ನಾಯರ್, ಪಿ. ತ್ಯಾಗರಾಯ ಚೆಟ್ಟಿ, ಸಿ. ನಟೇಶ ಮುದಲಿಯಾರ್ ಸೇರಿ ಸೌತ್ ಇಂಡಿಯನ್ ಲಿಬರಲ್ ಫೆಡರೇಶನ್ ಕಟ್ಟಿದರು. ಜನರ ಬಾಯಲ್ಲಿ ಅದು ಅದರ ಪತ್ರಿಕೆಯ ಹೆಸರಿನಿಂದ ಜಸ್ಟಿಸ್ ಪಾರ್ಟಿಯಾಯಿತು. ಸರ್ಕಾರಿ ನೌಕರಿಯಲ್ಲಿ, ಕಾಲೇಜಿನಲ್ಲಿ, ಸಭೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬುದು ಅದರ ಮುಖ್ಯ ಬೇಡಿಕೆ. ಹೋಮ್ ರೂಲ್ ಬಂದರೆ ಅಧಿಕಾರ ಆಗಲೇ ಓದಿ ಮುಂದಿದ್ದವರ ಕೈಯಲ್ಲೇ ಉಳಿಯುತ್ತದೆ ಎಂಬ ಭಯದಿಂದ ಅದು ಬ್ರಿಟಿಷರನ್ನು ಬೆಂಬಲಿಸಿತು. ಆ ಭಯಕ್ಕೆ ಕಾರಣವಿರಲಿಲ್ಲ ಎಂದು ಇವತ್ತು ಹೇಳುವುದು ಅನ್ಯಾಯ.

1920ರ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು. ಚುನಾಯಿತ 98 ಸ್ಥಾನಗಳಲ್ಲಿ 63 ಜಸ್ಟಿಸ್ ಪಾರ್ಟಿಗೆ ಬಂದವು. ಹಳ್ಳಿಯಲ್ಲಿ ಮತ ಹಾಕಲು ವರ್ಷಕ್ಕೆ ಸುಮಾರು 10 ರೂಪಾಯಿ ಕಂದಾಯದ ಜಮೀನಾದರೂ ಇರಬೇಕಿತ್ತು. ನಾಲ್ಕು ಕೋಟಿ ದಾಟಿದ್ದ ಪ್ರಾಂತ್ಯದಲ್ಲಿ ಮತದಾರರು ಸುಮಾರು 12 ಲಕ್ಷ. ಕೊಳ್ಳೇಗಾಲದ ಕೆರೆ ಬಯಲಿನಲ್ಲಿ ಗದ್ದೆಯಿದ್ದವನಿಗೆ ಮತ ಸಿಕ್ಕಿರಬಹುದು. ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವನಿಗೆ, ಮಗ್ಗದ ಕೂಲಿಯವನಿಗೆ, ಹನೂರಿನ ಕಾಡಂಚಿನ ಸೋಲಿಗನಿಗೆ ಅದು ದಕ್ಕುವಂತಿರಲಿಲ್ಲ.

ಆದರೂ ಪಕ್ಷ ಅಧಿಕಾರದಲ್ಲಿದ್ದ, ಬಹುಪಾಲು ಪಾನಗಲ್ ರಾಜಾ ಮುಖ್ಯಮಂತ್ರಿಯಾಗಿದ್ದ 1921ರಿಂದ 1926ರ ಅವಧಿಯಲ್ಲಿ ಆದ ಕೆಲಸ ಸಣ್ಣದಲ್ಲ. 1921ರಲ್ಲಿ ಹೆಂಗಸರಿಗೆ ಮತಾಧಿಕಾರ ಬಂತು, ಅದೂ ಆಸ್ತಿಯ ಷರತ್ತಿನೊಂದಿಗೇ. ಅದೇ ವರ್ಷ ನೇಮಕಾತಿಯಲ್ಲಿ ಸಮುದಾಯವಾರು ಪ್ರಾತಿನಿಧ್ಯದ ಮೊದಲ ಆದೇಶ ಹೊರಟಿತು. ದೇವಸ್ಥಾನಗಳ ಆಸ್ತಿ, ಆದಾಯಗಳ ಮೇಲೆ ಸರ್ಕಾರಿ ಮೇಲ್ವಿಚಾರಣೆಯ ಮಂಡಳಿ ತರುವ ಧಾರ್ಮಿಕ ದತ್ತಿ ಕಾನೂನನ್ನು ವಿರೋಧದ ನಡುವೆಯೇ ಪಾಸು ಮಾಡಿದರು. ಮಲೆ ಮಹದೇಶ್ವರ ಬೆಟ್ಟ ಆಗ ಕೊಯಮತ್ತೂರು ಜಿಲ್ಲೆಯ ಗಡಿಯೊಳಗಿತ್ತು. ಇತ್ತ ಮೈಸೂರಿನ ದೇವಸ್ಥಾನಗಳಿಗೆ ಮುಜರಾಯಿ ಇಲಾಖೆ. ಹರಕೆ ಹೊತ್ತು ಬೆಟ್ಟ ಹತ್ತುವ ಭಕ್ತ ಒಬ್ಬನೇ, ದೇವರ ಲೆಕ್ಕ ನೋಡುವ ಕಾನೂನು ಮಾತ್ರ ಗಡಿಗೊಂದು.

ಕೊಳ್ಳೇಗಾಲದ ದೃಷ್ಟಿಯಿಂದ ಈ ಪಕ್ಷದ ಒಂದು ಕೊರತೆ ನನಗೆ ದೊಡ್ಡದಾಗಿ ಕಾಣುತ್ತದೆ. ಅದರ ಮೂರು ಪ್ರಮುಖ ಪತ್ರಿಕೆಗಳೆಂದರೆ ಇಂಗ್ಲಿಷಿನ ‘ಜಸ್ಟಿಸ್’, ತಮಿಳಿನ ‘ದ್ರಾವಿಡನ್’, ತೆಲುಗಿನ ‘ಆಂಧ್ರ ಪ್ರಕಾಶಿಕಾ’. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳಲ್ಲಿ ಅಷ್ಟು ಕನ್ನಡಿಗರಿದ್ದರೂ ಆ ಸಾಲಿನಲ್ಲಿ ಕನ್ನಡವಿಲ್ಲ. ನ್ಯಾಯದ ಹೆಸರಿನ ಪಕ್ಷ ಇಲ್ಲಿಯ ಜನರಿಗೆ ಪರಭಾಷೆಯಲ್ಲಿ ಬಂತು. ಅದರ ಮುಂದಾಳುಗಳಲ್ಲಿ ಪಾನಗಲ್, ಬೊಬ್ಬಿಲಿಯಂಥ ಜಮೀನುದಾರ ಅರಸರ ತೂಕ ಹೆಚ್ಚಿತ್ತು. ಕೊಯಮತ್ತೂರು ಸೀಮೆಯೋ ಬಹುಮಟ್ಟಿಗೆ ನೇರ ಸರ್ಕಾರಕ್ಕೇ ಕಂದಾಯ ಕಟ್ಟುವ ರೈತರ ನಾಡು. ದಲಿತರ ಜೊತೆಗಿನ ಬಿರುಕು ಇನ್ನೂ ಆಳದ್ದು. 1921ರಲ್ಲಿ ಮದ್ರಾಸಿನ ಗಿರಣಿ ಮುಷ್ಕರದ ಹೊತ್ತಿಗೆ ಪುಲಿಯಾಂತೋಪಿನಲ್ಲಿ ನಡೆದ ಗಲಭೆಯ ಬಳಿಕ ದಲಿತ ನಾಯಕ ಎಂ.ಸಿ. ರಾಜಾ ಪಕ್ಷದಿಂದ ದೂರವಾದರು.

ಗಡಿಯ ಈಚೆ ಕಥೆ ಕನ್ನಡದಲ್ಲೇ ನಡೆಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ದಿವಾನರು ವರ್ಷದ ವರದಿ ಓದುವರು. ತಾಲ್ಲೂಕುಗಳಿಂದ ಬಂದವರು ಕೆರೆ, ರಸ್ತೆ, ಕಂದಾಯದ ಅಹವಾಲು ಮಂಡಿಸುವರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಹಾಗಿದ್ದರೂ ದಿವಾನರ ಎದುರು ನಿಂತು ನಮ್ಮೂರಿಗೆ ಇಂಥದ್ದು ಬೇಕು ಎಂದು ಕೇಳುವ ರೂಢಿ ಅಲ್ಲಿ ಬೆಳೆಯಿತು. ಯಳಂದೂರಿನ ಜಹಗೀರುದಾರ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ದಿವಾನರಾಗಿದ್ದರು. ಇಲ್ಲಿ ಭೂಮಿಯ ಒಡೆತನವೂ ಸರ್ಕಾರದ ಉನ್ನತ ಹುದ್ದೆಯೂ ಒಂದೇ ಬ್ರಾಹ್ಮಣ ಮನೆತನದಲ್ಲಿ ಕೂಡಿದ್ದವು. ಮದ್ರಾಸಿನಲ್ಲಿ ದೊಡ್ಡ ಭೂಮಾಲೀಕರೇ ಬ್ರಾಹ್ಮಣೇತರ ಪಕ್ಷದ ಮುಂಚೂಣಿಯಲ್ಲಿದ್ದರು. ಆದ್ದರಿಂದ ‘ಸಂಪ್ರದಾಯವಾದಿ’ ಎಂಬ ಹಣೆಪಟ್ಟಿ ಎರಡೂ ಕಡೆಗೆ ಒಂದೇ ರೀತಿ ಹೊಂದುವುದಿಲ್ಲ.

1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯ ಹಿಂದೆ ಮಹಾರಾಜಾ ಕಾಲೇಜಿನ ಸಿ.ಆರ್. ರೆಡ್ಡಿಯವರ ಪ್ರೇರಣೆ ಇತ್ತು. ಎಂ. ಬಸವಯ್ಯ, ಎಚ್. ಚನ್ನಯ್ಯ, ಗುಲಾಂ ಅಹ್ಮದ್ ಕಲಾಮಿ ಮುಂತಾದವರು ಅದನ್ನು ಬೆಳೆಸಿದರು. 1918ರಲ್ಲಿ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. ಅರಸರು ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಈ ನೀತಿಯನ್ನೊಪ್ಪದ ವಿಶ್ವೇಶ್ವರಯ್ಯನವರು ಸಮಿತಿಯ ವರದಿ ಬರುವ ಮೊದಲೇ ದಿವಾನಗಿರಿ ಬಿಟ್ಟಿದ್ದರು. ಒಂದು ಮನವಿಪತ್ರದಿಂದ ಇಷ್ಟು ದೂರ ಹೋದ ಪಕ್ಷವನ್ನು ಬರಿಯ ರಾಜಭಕ್ತರ ಕೂಟ ಎನ್ನಲು ನನಗೆ ಮನಸ್ಸು ಬಾರದು. ಮಂಡಳಿ ಇಪ್ಪತ್ತರ ದಶಕದ ಕೊನೆಗೆ ಸೊರಗಿತು. ಆಮೇಲೆ ಬಂದ ಪ್ರಜಾಪಕ್ಷ 1934ರಲ್ಲಿ ಅದರೊಡನೆ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು; 1937ರಲ್ಲಿ ಕೆ.ಸಿ. ರೆಡ್ಡಿಯಂಥವರೊಡನೆ ಅದು ಕಾಂಗ್ರೆಸ್ಸಿನಲ್ಲಿ ಬೆರೆಯಿತು. ಮರುವರ್ಷವೇ ಶಿವಪುರದಲ್ಲಿ ಕಾಂಗ್ರೆಸ್ಸಿನ ಧ್ವಜ ಸತ್ಯಾಗ್ರಹ.

ಅದೇ 1937 ಮದ್ರಾಸಿನಲ್ಲಿ ಜಸ್ಟಿಸ್ ಪಾರ್ಟಿಗೆ ಮಾರಕವಾಯಿತು. ಮತದಾರರ ಪಟ್ಟಿ ಹಿಗ್ಗಿತ್ತು. 215 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 159. ಮುಖ್ಯಮಂತ್ರಿಯಾಗಿದ್ದ ಬೊಬ್ಬಿಲಿ ರಾಜರು ತಮ್ಮದೇ ಊರಿನ ಕ್ಷೇತ್ರದಲ್ಲಿ ವಿ.ವಿ. ಗಿರಿಯವರೆದುರು ಸೋತರು. 1944ರಲ್ಲಿ ಪೆರಿಯಾರರು ಸೇಲಂನಲ್ಲಿ ಪಕ್ಷವನ್ನು ದ್ರಾವಿಡರ್ ಕಳಗಂ ಆಗಿ ಮಾರ್ಪಡಿಸಿದರು. ಮೈಸೂರಿನಲ್ಲಿ ಹಳೆಯ ಪಕ್ಷದವರು ಕಾಂಗ್ರೆಸ್ಸನ್ನು ಒಳಗಿನಿಂದ ಬದಲಿಸಿದರೆ, ಮದ್ರಾಸಿನಲ್ಲಿ ಹೊರಗೆ ನಿಂತು ಬೇರೆಯೇ ದಾರಿ ಹಿಡಿದರು. ಮುಂದೆ ಎರಡು ರಾಜ್ಯಗಳ ರಾಜಕಾರಣ ಇಷ್ಟು ಬೇರೆಯಾಗಲು ಇದೊಂದು ದೊಡ್ಡ ಕಾರಣ.

1937ರಲ್ಲಿ ಜಸ್ಟಿಸ್ ಪಾರ್ಟಿಯನ್ನು ಸೋಲಿಸಿ ಸರ್ಕಾರ ರಚಿಸಿದ ರಾಜಾಜಿಯವರೇ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಒಪ್ಪಿದ ಸಹಕಾರಿ ಕೂಡುಬೇಸಾಯವನ್ನು ವಿರೋಧಿಸಿ, ಆಸ್ತಿಯ ಹಕ್ಕಿನ ಪರ ನೇರ ಮಾತಾಡಿದ ಪಕ್ಷ ಅದು. 1967ರಲ್ಲಿ ಮೈಸೂರು ರಾಜ್ಯದಿಂದ ಲೋಕಸಭೆಗೆ ಅದರ ಐವರು ಗೆದ್ದರು. ಮಹಾರಾಜರ ಕಾಲದಲ್ಲಿ ಮಂತ್ರಿಯಾಗಿದ್ದ ಜೆ. ಮೊಹಮ್ಮದ್ ಇಮಾಂ ಚಿತ್ರದುರ್ಗದಿಂದ ಆರಿಸಿ ಬಂದರು. ಕೊಳ್ಳೇಗಾಲ, ಯಳಂದೂರುಗಳನ್ನು ಕೊನೆಗೂ ಒಂದೇ ಮತಪಟ್ಟಿಗೆ ತಂದ ಚಾಮರಾಜನಗರ ಮೀಸಲು ಕ್ಷೇತ್ರದಲ್ಲಿ ಮಾತ್ರ ಕಾಂಗ್ರೆಸ್ಸಿನ ಎಸ್.ಎಂ. ಸಿದ್ದಯ್ಯನವರೇ ಗೆದ್ದರು. 10 ರೂಪಾಯಿ ಕಂದಾಯದ ಮತಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಗೆಲುವನ್ನು ನಿರ್ಧರಿಸುವಷ್ಟು ಸಂಖ್ಯೆಯಲ್ಲಿದ್ದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಅದೇ ವರ್ಷ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ವಿಲೀನವಾಯಿತು.