ಸ್ಕೋಪು ಮತ್ತು ಸ್ಪಷ್ಟ: ದೂರದ ನೆಂಟರು

ರೈಫಲ್ಲಿನ ಮೇಲೆ ಕೂರಿಸುವ ದೂರದರ್ಶಕವನ್ನು ಗುರಿಕಾರರು ‘ಸ್ಕೋಪ್’ ಎನ್ನುತ್ತಾರೆ. ‘ಆ ಕೋರ್ಸಿಗೆ ಒಳ್ಳೆ ಸ್ಕೋಪ್ ಇದೆ’ ಎಂದು ತಾಯ್ತಂದೆಯರು ಹೇಳುವಾಗಲೂ ಅದೇ ಸದ್ದು. ಒಂದು ಉಪಕರಣ, ಇನ್ನೊಂದು ಅವಕಾಶ. ಬಂದ ದಾರಿ ಬೇರೆ, ಬೇರು ಒಂದೇ.

ಆ ಬೇರು ಗ್ರೀಕಿನ ‘ಸ್ಕೊಪೊಸ್’. ಎತ್ತರದಲ್ಲಿ ನಿಂತು ದಾರಿ ಕಾಯುವ ಕಾವಲುಗಾರನೂ ಸ್ಕೊಪೊಸ್, ಬಿಲ್ಲುಗಾರ ಕಣ್ಣು ನೆಟ್ಟ ಗುರಿಯೂ ಸ್ಕೊಪೊಸ್. ನೋಡುವವನನ್ನೂ ನೋಟ ತಲುಪುವ ಜಾಗವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆ ಅದು. ಗುರಿ ಎಂಬ ಅರ್ಥ ಇಟಲಿಯಲ್ಲಿ ‘ಸ್ಕೋಪೊ’ ಆಗಿ, 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು, ಮೆಲ್ಲಗೆ ವ್ಯಾಪ್ತಿ, ಅವಕಾಶ ಎಂದೆಲ್ಲ ಹಿಗ್ಗಿತು. ಕಾವಲಿನ ಅರ್ಥ ಚರ್ಚಿಗೆ ಹೋಯಿತು: ಮೇಲಿನಿಂದ ನೋಡಿಕೊಳ್ಳುವವ ‘ಎಪಿಸ್ಕೊಪೊಸ್’, ಅವನೇ ಇಂದಿನ ಬಿಷಪ್.

ಉಪಕರಣದ ಹೆಸರು ಹುಟ್ಟಿದ್ದು ಊಟದ ಮನೆಯಲ್ಲಿ. 1611ರಲ್ಲಿ ರೋಮಿನಲ್ಲಿ ಗೆಲಿಲಿಯೋ ಗೌರವಾರ್ಥ ಫೆಡೆರಿಕೊ ಚೇಸಿ ಔತಣ ಏರ್ಪಡಿಸಿದ. ಅಲ್ಲಿ ಗ್ರೀಕ್ ವಿದ್ವಾಂಸ ದೆಮಿಸಿಯಾನಿ ಕೊಟ್ಟ ಹೆಸರೇ ಟೆಲಿಸ್ಕೋಪ್, ದೂರ ನೋಡುವಂಥದ್ದು. ಎರಡು ಶತಮಾನ ಕಳೆದ ಮೇಲೆ, 19ನೇ ಶತಮಾನದ ಅಮೆರಿಕದಲ್ಲಿ, ಅದು ಬಂದೂಕಿನ ನಳಿಗೆಯ ಮೇಲೆ ಬಾಳಿಕೆ ಬರುವಂತೆ ಕೂತಿತು. ಮುಂದೆ ತಲೆ ಕಳೆದುಕೊಂಡು ಬರೀ ಸ್ಕೋಪ್ ಆಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಬಂಧ ನಮ್ಮ ಮನೆಯೊಳಗೇ ಇದೆ. ಗ್ರೀಕರು ‘ಸ್ಪೆಕ್’ ಎಂಬ ಪ್ರಾಚೀನ ಧಾತುವಿನ ಪ-ಕಗಳನ್ನು ಅದಲುಬದಲು ಮಾಡಿ ‘ಸ್ಕೆಪ್’, ‘ಸ್ಕೊಪ್’ ಎಂದರು. ಲ್ಯಾಟಿನ್ ಹಾಗೆಯೇ ಉಳಿಸಿಕೊಂಡಿತು. ನಮ್ಮ ಠಾಣೆಯ ಇನ್ಸ್‌ಪೆಕ್ಟರ್ ಅಲ್ಲಿಂದ ಬಂದವರು. ಸಂಸ್ಕೃತದಲ್ಲಿ ಅದೇ ಧಾತು ‘ಸ್ಪಶ್’. ಋಗ್ವೇದದಲ್ಲಿ ವರುಣನ ಗೂಢಚಾರರನ್ನು ಕರೆದಿರುವುದು ಇದೇ ಪದದಿಂದ. ಚೆನ್ನಾಗಿ ಕಂಡದ್ದು ‘ಸ್ಪಷ್ಟ’. ಕನ್ನಡ ದಿನಕ್ಕೆ ನೂರು ಸಲ ಆಡುವ ಸ್ಪಷ್ಟ ಮತ್ತು ರೈಫಲ್ಲಿನ ಸ್ಕೋಪು ದಾಯಾದಿಗಳು.

ಸ್ಕೋಪು ಕೊಳ್ಳುವವರು ಈ ನೆಂಟಸ್ತಿಕೆ ಮರೆತು ಅಂಕಿಗೆ ಮರುಳಾಗುತ್ತಾರೆ. ಡಬ್ಬಿಯ ಮೇಲೆ 3-9x40 ಎಂದಿದ್ದರೆ ಬಿಂಬವನ್ನು 3ರಿಂದ 9 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ಅಗಲ 40 ಮಿಲಿಮೀಟರ್ ಎಂದರ್ಥ. ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ: 9 ಪಟ್ಟಿನಲ್ಲಿ 4.4 ಮಿಲಿಮೀಟರ್. 24 ಪಟ್ಟಿಗೆ ಏರಿಸುವ ಸ್ಕೋಪಿನಲ್ಲಿ ಮಸೂರ ಅಷ್ಟೇ ಇದ್ದರೆ ಅದು 1.7ಕ್ಕೆ ಇಳಿಯುತ್ತದೆ. ಬಿಂಬ ದೊಡ್ಡದು, ಆದರೆ ಮಬ್ಬು; ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ.

ಇನ್ನೊಂದು ತೊಡಕು ಪ್ಯಾರಲಾಕ್ಸ್. ಕಣ್ಣು ಚೂರು ಸರಿದರೆ ಸ್ಕೋಪಿನೊಳಗಿನ ಅಡ್ಡಗೆರೆ ಗುರಿಯ ಮೇಲಿಂದ ಜಾರುತ್ತದೆ. ಗ್ರೀಕರು ಒಂದೇ ಪದದಲ್ಲಿ ಕಟ್ಟಿದ್ದ ಕಾವಲುಗಾರನೂ ಗುರಿಯೂ ಇಲ್ಲಿ ಬೇರ್ಪಡುತ್ತಾರೆ. ಈ ಜಾರಾಟ ತಪ್ಪಿಸಲು ಸಾಮಾನ್ಯ ರೈಫಲ್ ಸ್ಕೋಪುಗಳಲ್ಲಿ ಹಲವನ್ನು 100 ಗಜದ ದೂರಕ್ಕೆ ಹೊಂದಿಸಿರುತ್ತಾರೆ. 25 ಮೀಟರಿನ ಏರ್‌ಗನ್ನಿಗೆ ಅದು ಒಗ್ಗದು. ಹತ್ತಿರಕ್ಕೂ ತಿರುಗಿಸಿ ಹೊಂದಿಸಬಹುದಾದದ್ದನ್ನೇ ಕೇಳಿ. ಪಟ್ಟು ಕಡಿಮೆಯಿದ್ದರೂ ಗಾಜು ಒಳ್ಳೆಯದಿರಲಿ, ಮತ್ತು ಅಂಗಡಿಯ ದೀಪದ ಕೆಳಗಲ್ಲ, ಸಂಜೆ ಬೀದಿಗೆ ಹಿಡಿದು ದೂರದ ಮರದ ಎಲೆಗಳು ಬಿಡಿಬಿಡಿಯಾಗಿ ಕಂಡರೆ ಮಾತ್ರ ದುಡ್ಡು ಕೊಡಿ.