ಐನೂರು ಜನರ ಕೈಯಲ್ಲಿ ಒಂದು ಪರೀಕ್ಷೆ



ನೈರೋಬಿಯ ಪೇಟೆ ಬೀದಿಯಲ್ಲಿ ಅಡ್ಡಾಡುವ ಕನ್ನಡಿಗನ ಕಿವಿಗೆ ಎರಡು ಮಾತು ಬಹಳ ಬೇಗ ಬೀಳುತ್ತವೆ. ಒಂದು ‘ದುಕಾ’, ಇನ್ನೊಂದು ‘ಪೆಸಾ’. ಮೊದಲನೆಯದು ನಮ್ಮ ಉತ್ತರ ಕರ್ನಾಟಕದವರ ದುಕಾನು. ಎರಡನೆಯದು ನಮ್ಮ ಪೈಸೆ! ಸ್ವಾಹಿಲಿಯಲ್ಲಿ ದುಡ್ಡಿಗೆ ಪೆಸಾ ಎನ್ನುತ್ತಾರೆ. ಹಿಂದೂ ಮಹಾಸಾಗರದ ವ್ಯಾಪಾರಿಗಳ ಜೊತೆ ಹಡಗು ಹತ್ತಿ ಬಂದ ಮಾತಿದು. 1890ರಲ್ಲಿ ಪಕ್ಕದ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಪೆಸಾ ಎಂಬ ತಾಮ್ರದ ನಾಣ್ಯವೇ ಹೊರಟಿತ್ತು. ಅರವತ್ನಾಲ್ಕು ಪೆಸಾಕ್ಕೆ ಒಂದು ರೂಪಾಯಿ. ಇಂದಿನ ಕೀನ್ಯಾದಲ್ಲೂ 1920ರವರೆಗೆ ನಡೆಯುತ್ತಿದ್ದುದು ರೂಪಾಯಿಯೇ. ಆ ಪೆಸಾದ ಹಿಂದೆ ‘ಎಂ’ ಎಂಬ ಒಂದಕ್ಷರ ಅಂಟಿಕೊಂಡು ‘ಎಂ-ಪೆಸಾ’ ಆದ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಸಾಮಾನ್ಯವಾಗಿ ಅದನ್ನು ಗೆಲುವಿನ ಕಥೆಯಾಗಿ ಹೇಳುತ್ತಾರೆ. ನಾನು ಹೇಳಹೊರಟಿರುವುದು ಅದರ ಹಿಂದಿನ ಆರೇಳು ತಿಂಗಳ ಕಥೆ. ಅಂದರೆ ಪರೀಕ್ಷೆಯ ಕಥೆ. ನನ್ನ ವೃತ್ತಿಯವರಿಗೆ ಅದೇ ಹೆಚ್ಚು ರುಚಿ, ಏನು ಮಾಡೋಣ ಹೇಳಿ.

ಕಂಪ್ಯೂಟರಿನ ಸಹವಾಸ ಇಲ್ಲದವರಿಗಾಗಿ ಒಂದು ಸಣ್ಣ ಪೀಠಿಕೆ. ಮೊಬೈಲಿಗೆಂದು ಬರೆದ ಪ್ರೋಗ್ರಾಮು ಮೊದಲು ಓಡುವುದು ಮೊಬೈಲಿನಲ್ಲಲ್ಲ. ಬರೆಯುವವನ ಕಂಪ್ಯೂಟರಿನ ಪರದೆಯ ಮೇಲೆ ಫೋನಿನ ಚಿತ್ರವೊಂದು ಮೂಡುತ್ತದೆ. ಮೌಸಿನಿಂದ ಅದರ ಗುಂಡಿ ಒತ್ತಿದರೆ ಫೋನು ಮಾಡುವುದನ್ನೆಲ್ಲ ಅದು ಮಾಡಿದಂತೆ ನಟಿಸುತ್ತದೆ. ಇದು ಸಿಮ್ಯುಲೇಟರ್. ಯಕ್ಷಗಾನದವರಿಗೆ ಹೇಳುವುದಾದರೆ, ವೇಷ ಕಟ್ಟದೆ, ಚೆಂಡೆಯಿಲ್ಲದೆ ಮನೆಯಂಗಳದಲ್ಲಿ ನಡೆಸುವ ತಾಲೀಮು. ಪದ್ಯ ಬಾಯಿಗೆ ಬಂದಿದೆಯೆ, ಹೆಜ್ಜೆ ಕೂಡುತ್ತದೆಯೆ ಎಂದು ನೋಡಲು ಅಷ್ಟು ಸಾಕು. ಕಿರೀಟದ ಭಾರವನ್ನು ಕತ್ತು ತಾಳುತ್ತದೆಯೆ, ಬೆಳಗಿನ ಜಾವ ಮೂರಕ್ಕೆ ಪ್ರೇಕ್ಷಕ ಎದ್ದು ಹೋಗುತ್ತಾನೆಯೆ ಎನ್ನುವುದು ರಂಗಸ್ಥಳದಲ್ಲೇ ಗೊತ್ತಾಗಬೇಕು. ಸಿಮ್ಯುಲೇಟರಿನಲ್ಲಿ ಬ್ಯಾಟರಿ ಮುಗಿಯುವುದಿಲ್ಲ, ಸಿಗ್ನಲ್ ಹೋಗುವುದಿಲ್ಲ, ಯಾರ ಹೆಬ್ಬೆರಳೂ ದಪ್ಪವಿರುವುದಿಲ್ಲ. ಮುಖ್ಯವಾಗಿ, ಯಾರ ದುಡ್ಡೂ ಕಳೆಯುವುದಿಲ್ಲ.

ಈಗ ಕಥೆಗೆ ಬರೋಣ. 2002ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಶೃಂಗಸಭೆ ನಡೆಯಿತು. ಅಲ್ಲಿಗೆ ಹೋಗಿದ್ದ ವೊಡಾಫೋನಿನ ನಿಕ್ ಹ್ಯೂಸ್ ಎಂಬಾತನಿಗೆ ಬ್ರಿಟನ್ ಸರ್ಕಾರದ ನೆರವು ಇಲಾಖೆಯವರ ಪರಿಚಯವಾಗಿ, ಬಡವರ ಹಣಕಾಸಿಗೆ ಮೊಬೈಲನ್ನು ಬಳಸುವ ಮಾತು ಹೊರಟಿತು. ಇಲಾಖೆಯಿಂದ ಹತ್ತು ಲಕ್ಷ ಪೌಂಡಿನ ಹತ್ತಿರ ಹತ್ತಿರ ಹಣ ಮಂಜೂರಾಯಿತು. ಅಷ್ಟೇ ಭಾರವನ್ನು ವೊಡಾಫೋನ್ ಹೊತ್ತುಕೊಂಡಿತು. ನೈರೋಬಿಯಲ್ಲಿ ನಿಂತು ಕೆಲಸ ನಡೆಸಿದವಳು ಸೂಸಿ ಲೋನಿ. ಪ್ರೋಗ್ರಾಮು ಬರೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಸಜೆಂಷಿಯಾ ಸಂಸ್ಥೆ. ಇಲ್ಲಿನ ಜೊತೆಗಾರರು ಮೂವರು: ಮೊಬೈಲ್ ಕಂಪನಿ ಸಫಾರಿಕಾಂ, ದುಡ್ಡನ್ನು ಇಟ್ಟುಕೊಳ್ಳಲು ಕಮರ್ಷಿಯಲ್ ಬ್ಯಾಂಕ್ ಆಫ್ ಆಫ್ರಿಕಾ, ಮತ್ತು ಕಿರುಸಾಲ ಕೊಡುವ ಫೌಲು ಕೀನ್ಯಾ.

ಫೌಲುವಿನ ಕ್ರಮ ನಮ್ಮೂರಿನ ಸ್ವಸಹಾಯ ಸಂಘಗಳನ್ನು ಕಂಡವರಿಗೆ ಹೊಸದೇನಲ್ಲ. ಹತ್ತಾರು ಜನ ಗುಂಪು ಕಟ್ಟಿಕೊಳ್ಳುತ್ತಾರೆ. ವಾರವಾರ ಸಭೆ ಸೇರುತ್ತಾರೆ. ಒಬ್ಬರ ಸಾಲಕ್ಕೆ ಉಳಿದವರು ಜಾಮೀನು. ಕಂತಿನ ಹಣವನ್ನು ಅಲ್ಲೇ ಕೂಡಿಸಿ, ಎಣಿಸಿ, ಯಾರಾದರೊಬ್ಬರು ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕು. ಆ ಕಂತನ್ನು ಫೋನಿನಲ್ಲೇ ಕಟ್ಟಿಬಿಟ್ಟರೆ? ಎಂ-ಪೆಸಾದ ಮೂಲ ಉದ್ದೇಶ ಇಷ್ಟೇ ಆಗಿತ್ತು. ಊರಿಗೆ ಹಣ ಕಳಿಸುವ ಮಾತು ಮುಖ್ಯವಾಗಿರಲಿಲ್ಲ.

ಫೋನಿಗೆ ಈ ಪ್ರೋಗ್ರಾಮನ್ನು ಹಾಕುವುದು ಹೇಗೆ? ಈಗಿನ ಹುಡುಗರಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಬಹುದು. ಆಪ್ ಸ್ಟೋರ್ ಎಂಬುದು ಹುಟ್ಟಿದ್ದು 2008ರಲ್ಲಿ. 2005ರ ನೈರೋಬಿಯಲ್ಲಿ ಜನರ ಕೈಯಲ್ಲಿದ್ದವು ಕಪ್ಪುಬಿಳುಪು ಪರದೆಯ ಗುಂಡಿ ಫೋನುಗಳು. ಅವುಗಳಿಗೆ ಹೊರಗಿನ ಪ್ರೋಗ್ರಾಮು ಹಾಕುವ ದಾರಿಯೇ ಇರಲಿಲ್ಲ. ಆದರೆ ಪ್ರತಿ ಫೋನಿನಲ್ಲೂ ಒಂದು ಸಿಮ್ ಕಾರ್ಡ್ ಇರುತ್ತದಲ್ಲ, ಅದೇ ಒಂದು ಪುಟಾಣಿ ಕಂಪ್ಯೂಟರು. ಅದರ ಹೊಟ್ಟೆಯಲ್ಲಿ ಕೆಲವು ಹತ್ತು ಕಿಲೋಬೈಟಿನಷ್ಟು ಜಾಗ. ಸಿಮ್ ಟೂಲ್‌ಕಿಟ್ ಎಂಬ ವ್ಯವಸ್ಥೆಯಿಂದ ಅಲ್ಲಿ ಒಂದು ಪಟ್ಟಿಯನ್ನು ಕೂರಿಸಬಹುದು: ಹಣ ಕಳಿಸು, ಹಣ ತೆಗೆ, ಬಾಕಿ ನೋಡು. ಆರಿಸಿದರೆ ಅಂಕಿ ಕೇಳುತ್ತದೆ, ಪಿನ್ ಕೇಳುತ್ತದೆ, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಸುತ್ತಿ ಒಂದು ಎಸ್ಸೆಮ್ಮೆಸ್ಸಾಗಿ ಕಳಿಸುತ್ತದೆ. ಫೋನು ಯಾವ ಕಂಪನಿಯದಾದರೂ ನಡೆಯುತ್ತದೆ. ಇದರಲ್ಲಿ ‘ಇನ್‌ಸ್ಟಾಲ್’ ಎಂದರೆ ಹಳೆಯ ಸಿಮ್ ಕಿತ್ತು ಹೊಸದು ಹಾಕುವುದು. ಬೆರಳುಗುರಿನ ಕೆಲಸ. ತಪ್ಪು ಕಂಡರೆ ತಿದ್ದಿ ಮತ್ತೆ ಕಳಿಸುತ್ತೇನೆ ಎನ್ನುವ ಈಗಿನ ಸಲೀಸು ಅದರಲ್ಲಿಲ್ಲ. ಕಾರ್ಡು ಒಮ್ಮೆ ಜನರ ಜೇಬು ಸೇರಿದರೆ ಸೇರಿದಂತೆಯೇ.

2005ರ ಅಕ್ಟೋಬರಿನಲ್ಲಿ ಪ್ರಯೋಗ ಶುರುವಾಯಿತು. ಗ್ರಾಹಕರು ಹೆಚ್ಚೆಂದರೆ 500 ಜನ. ಹಣ ಕೊಟ್ಟು ತೆಗೆದುಕೊಳ್ಳುವ ಅಂಗಡಿಗಳು 8. ಜಾಗಗಳು ಮೂರು: ನೈರೋಬಿಯ ನಡುಪೇಟೆ ಅಂದರೆ ಸಿಬಿಡಿ, ಅಲ್ಲಿಂದ ಕೆಲವೇ ಮೈಲಿ ದೂರದ ಮಥಾರೆ ಕೊಳೆಗೇರಿ, ಮತ್ತು ನಲವತ್ತು ಕಿಲೋಮೀಟರ್ ಆಚೆಯ ಥೀಕಾ ಪಟ್ಟಣ. ಬರೆದವರು ಕೇಂಬ್ರಿಜ್‌ನಲ್ಲಿ, ಬಳಸುವವರು ಮಥಾರೆಯಲ್ಲಿ.

ಸ್ವಲ್ಪ ನಿಂತು ನೋಡಿ, ಇದೆಂಥ ಪರೀಕ್ಷೆ ಎಂದು. ಪರೀಕ್ಷಕರು ಸಂಬಳದ ಪರೀಕ್ಷಕರಲ್ಲ. ತರಕಾರಿ, ಹಳೆಬಟ್ಟೆ ಮಾರುವಂಥ ಸಣ್ಣ ವ್ಯಾಪಾರದವರು, ಸಾಲಗಾರರು. ದುಡ್ಡು ನಿಜವಾದ ದುಡ್ಡು. ಒಂದು ಎಸ್ಸೆಮ್ಮೆಸ್ಸು ದಾರಿಯಲ್ಲಿ ಕಳೆದುಹೋದರೆ ಕೇಂಬ್ರಿಜ್‌ನಲ್ಲಿ ಅದೊಂದು ದೋಷದ ಚೀಟಿ. ಮಥಾರೆಯಲ್ಲಿ ಅದು ತಪ್ಪಿದ ಕಂತು, ಜಾಮೀನು ನಿಂತ ಅಕ್ಕಪಕ್ಕದವರ ಮುಂದೆ ತಲೆ ತಗ್ಗಿಸುವ ಸಂಗತಿ. ಎಂ-ಪೆಸಾದ ಕಥೆ ಹೇಳುವವರು ಈ ಭಾಗವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗಂತೂ ಹಾಗೆ ದಾಟಲಾಗುವುದಿಲ್ಲ. ಹ್ಯೂಸ್ ಮತ್ತು ಲೋನಿ ಇಬ್ಬರೂ 2007ರಲ್ಲಿ ತಮ್ಮ ಅನುಭವವನ್ನು ಬಹಳ ಮುಚ್ಚುಮರೆಯಿಲ್ಲದೆ ಬರೆದರು. ತಾವು ಎಣಿಸಿದ್ದೇನು, ಆದದ್ದೇನು ಎಂಬುದನ್ನು ಅವರು ಅಡಗಿಸಲಿಲ್ಲ ಎನ್ನುವುದನ್ನೂ ಹೇಳಲೇಬೇಕು.

ಆದದ್ದೇನು? ಪ್ರೋಗ್ರಾಮು ಓಡಿತು. ಯಾವುದಕ್ಕೆ ಬರೆದಿದ್ದರೋ ಅದು ಮಾತ್ರ ಸರಿಹೋಗಲಿಲ್ಲ! ಕಂತು ಫೋನಿನಲ್ಲೇ ಕಟ್ಟುವುದಾದರೆ ವಾರದ ಸಭೆಗೆ ಬರುವುದೇಕೆ? ಜನ ಬರದಿದ್ದರೆ ಗುಂಪು ಸಡಿಲ, ಗುಂಪು ಸಡಿಲವಾದರೆ ಜಾಮೀನಿಗೆ ಬೆಲೆಯಿಲ್ಲ. ಇನ್ನೊಂದು ಕಡೆ ಫೌಲುವಿನ ಲೆಕ್ಕಪತ್ರಕ್ಕೂ ಎಂ-ಪೆಸಾದ ಲೆಕ್ಕಕ್ಕೂ ನೇರ ಕೊಂಡಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಕೈಯಿಂದಲೇ ಬರೆದುಕೊಳ್ಳಬೇಕಾಯಿತು. ಕೆಲಸ ಉಳಿಸಲು ಬಂದದ್ದು ಕೆಲಸ ಹೆಚ್ಚಿಸಿತು.

ಅದೇ ಹೊತ್ತಿಗೆ ಐನೂರು ಜನ ತಮ್ಮ ಪಾಡಿಗೆ ತಾವು ಬೇರೇನೋ ಮಾಡುತ್ತಿದ್ದರು. ಪೇಟೆಯಿಂದ ಥೀಕಾಕ್ಕೆ ಹೋಗುವವರು ಹತ್ತುವ ಮುಂಚೆ ಹಣವನ್ನು ಇಲ್ಲಿ ಕಟ್ಟಿ, ಇಳಿದ ಮೇಲೆ ಅಲ್ಲಿ ತೆಗೆಯುತ್ತಿದ್ದರು. ದಾರಿಯಲ್ಲಿ ಜೇಬು ಖಾಲಿಯಿದ್ದರೆ ಕಳ್ಳನಿಗೇನು ಸಿಗುತ್ತದೆ? ವ್ಯಾಪಾರಿಗಳು ಸಂಜೆಯ ಗಲ್ಲಾಪೆಟ್ಟಿಗೆಯನ್ನು ಫೋನಿಗೆ ಸುರಿದು ನಿಶ್ಚಿಂತೆಯಿಂದ ಮಲಗುತ್ತಿದ್ದರು, ಏಕೆಂದರೆ ಅಂಗಡಿ ಮುಚ್ಚುವ ಮೊದಲೇ ಬ್ಯಾಂಕು ಮುಚ್ಚಿರುತ್ತಿತ್ತು. ಕೆಲವರು ಫೋನಿನ ಕರೆ ಹಣವನ್ನು ಎಂ-ಪೆಸಾದಲ್ಲಿ ಕೊಂಡು ಊರಿನ ನಂಟರಿಗೆ ಕಳಿಸುತ್ತಿದ್ದರು. ಒಬ್ಬರ ಕಂತನ್ನು ಇನ್ನೊಬ್ಬರು ಕಟ್ಟಿ ಬೇರೆ ರೀತಿಯಲ್ಲಿ ಋಣ ತೀರಿಸಿಕೊಳ್ಳುತ್ತಿದ್ದರು. ಗಂಡ ಎಲ್ಲೋ ದರೋಡೆಗೆ ಸಿಕ್ಕಿ ಬರಿಗೈಯಾದಾಗ ಹೆಂಡತಿಯೊಬ್ಬಳು ಬಸ್ಸಿನ ಚಾರ್ಜನ್ನು ಫೋನಿನಲ್ಲೇ ಕಳಿಸಿ ಅವನನ್ನು ಮನೆಗೆ ಕರೆಸಿಕೊಂಡಳು. ಇವುಗಳಲ್ಲಿ ಒಂದನ್ನೂ ಕೇಂಬ್ರಿಜ್‌ನ ಯಾವ ಕಾಗದದಲ್ಲೂ ಪ್ರಧಾನವಾಗಿ ಬರೆದಿರಲಿಲ್ಲ. ಯಾವ ಸಿಮ್ಯುಲೇಟರೂ ಇವನ್ನು ತೋರಿಸಲಾರದು. ಸಿಮ್ಯುಲೇಟರಿಗೆ ಗಂಡನಿಲ್ಲ, ಕಳ್ಳನಿಲ್ಲ, ಬಸ್ಸಿಲ್ಲ.

ಪ್ರಯೋಗ ಮುಗಿದ ಮೇಲೆ, 2006ರಲ್ಲಿ, ಒಂದು ಗಟ್ಟಿ ತೀರ್ಮಾನ ಆಯಿತು. ಸಾಲದ ಕಂತಿನ ಗೋಜಲನ್ನು ಕಿತ್ತು ಬದಿಗಿಟ್ಟು, ಜನ ತಾವಾಗಿ ಮಾಡುತ್ತಿದ್ದುದನ್ನೇ ಮುಂದಕ್ಕೆ ತರುವುದು. 2007ರ ಮಾರ್ಚ್ 6ರಂದು ಸಫಾರಿಕಾಂ ಎಂ-ಪೆಸಾವನ್ನು ದೇಶಕ್ಕೆಲ್ಲ ಬಿಟ್ಟಾಗ ಜಾಹೀರಾತಿನಲ್ಲಿ ಇದ್ದದ್ದು ‘ಮನೆಗೆ ಹಣ ಕಳಿಸಿ’ ಎಂಬ ಅರ್ಥದ ಮೂರೇ ಇಂಗ್ಲಿಷ್ ಪದ. ಆ ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷ ಜನ ಹೆಸರು ಬರೆಸಿದ್ದರು. ಕಿತ್ತಿಟ್ಟ ಸಾಲ ಎಲ್ಲಿಗೆ ಹೋಯಿತು ಎನ್ನುತ್ತೀರಾ? ಅದು 2012ರ ನವೆಂಬರಿನಲ್ಲಿ ‘ಎಂ-ಶ್ವಾರಿ’ ಎಂಬ ಹೆಸರಿನಲ್ಲಿ ಮರಳಿ ಬಂತು, ಅದೇ ಕಮರ್ಷಿಯಲ್ ಬ್ಯಾಂಕಿನ ಕೈಹಿಡಿದು. ಈ ಸಲ ಗುಂಪೂ ಇಲ್ಲ, ಸಭೆಯೂ ಇಲ್ಲ.

ಇಲ್ಲಿ ಬೆಂಗಳೂರಿನ ನೆನಪು ಬಾರದೆ ಇರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ನಿಮಗೆ ನೆನಪಿರಬಹುದು. ಅಂಗೈಯಗಲದ ಕಂಪ್ಯೂಟರು. ಹಳ್ಳಿಯವರು ಒಂದನ್ನೇ ಹಂಚಿಕೊಂಡು ಬಳಸಲೆಂದು ಅದಕ್ಕೆ ಸ್ಮಾರ್ಟ್ ಕಾರ್ಡಿನ ಸಂದು. ಓದಲು ಬಾರದವರಿಗಾಗಿ ಕನ್ನಡದಲ್ಲೂ ಮಾತಾಡಬಲ್ಲ ತಂತ್ರಾಂಶ. ಬುದ್ಧಿಗೆ, ಕಳಕಳಿಗೆ ಕೊರತೆಯಿರಲಿಲ್ಲ. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಆದರೆ ಅಷ್ಟು ಹೊತ್ತಿಗೆ ಹಳ್ಳಿಯವನ ಕೈಗೆ ಬೇರೊಂದು ಸಾಧನ ತಾನಾಗಿ ಬರತೊಡಗಿತ್ತು, ಗುಂಡಿ ಫೋನು. ಸಿಂಪ್ಯೂಟರಿನವರು ಬಡವನಿಗಾಗಿ ಹೊಸ ಸಾಧನ ಮಾಡಿದರು. ನೈರೋಬಿಯವರು ಬಡವನ ಕೈಯಲ್ಲಿ ಆಗಲೇ ಇದ್ದುದರಲ್ಲಿ ಜಾಗ ಹುಡುಕಿದರು. ನಮ್ಮವರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಅಂಥ ಧೈರ್ಯ ಆ ಕಾಲದಲ್ಲಿ ಮತ್ತೆಷ್ಟು ಊರುಗಳಲ್ಲಿತ್ತು?

ಎಂ-ಪೆಸಾದ ನಂತರ ಇಲ್ಲಿನ ಹುಡುಗ ಹುಡುಗಿಯರಿಗೂ ಪ್ರೋಗ್ರಾಮು ಬರೆಯುವ ಹುಮ್ಮಸ್ಸು ಹತ್ತಿತು. ಆಗಿನ ಜಾವಾ ಫೋನುಗಳ ಫಜೀತಿ ಬರೆದರೆ ಇನ್ನೊಂದು ಲೇಖನವಾದೀತು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಚಂದ ಕುಣಿದದ್ದು ಒಂದು ನೋಕಿಯಾದಲ್ಲಿ ಕುಂಟುತ್ತಿತ್ತು, ಇನ್ನೊಂದರಲ್ಲಿ ಏಳುತ್ತಲೇ ಇರಲಿಲ್ಲ. ಕೆಲವು ಮಾದರಿಗಳಂತೂ 64 ಕಿಲೋಬೈಟು ದಾಟಿದರೆ ಒಳಗೇ ಬಿಡುತ್ತಿರಲಿಲ್ಲ. ಹಾಗಾಗಿ ಹತ್ತಾರು ಫೋನು ಬೇಕು. ವಿದ್ಯಾರ್ಥಿಗಳು ಎಲ್ಲಿಂದ ತರಬೇಕು? 2011ರಲ್ಲಿ ಎನ್‌ಗಾಂಗ್ ರಸ್ತೆಯ ಬಿಷಪ್ ಮಾಗುವಾ ಕಟ್ಟಡದಲ್ಲಿ, ಐಹಬ್‌ನವರು, ನೈರೋಬಿ ವಿಶ್ವವಿದ್ಯಾಲಯ ಮತ್ತಿತರರು ಸೇರಿ, ವಿಶ್ವಬ್ಯಾಂಕು ಮತ್ತು ಫಿನ್ಲೆಂಡ್ ಸರ್ಕಾರದ ನೆರವಿನಿಂದ ‘ಎಂಲ್ಯಾಬ್’ ತೆರೆದದ್ದು ಒಳ್ಳೆಯ ಕೆಲಸ. ಬೇರೆ ಬೇರೆ ಕಂಪನಿಯ ಫೋನುಗಳಲ್ಲಿ ನಿಮ್ಮ ಪ್ರೋಗ್ರಾಮು ಹಾಕಿ ನೋಡುವ ಅನುಕೂಲ ಅಲ್ಲಿತ್ತು. ಅದೇ ಸುಮಾರಿಗೆ ಸಫಾರಿಕಾಂ, ಹುವಾವೆಯ ‘ಐಡಿಯೋಸ್’ ಎಂಬ ಆಂಡ್ರಾಯ್ಡ್ ಫೋನನ್ನು ಎಂಟು ಸಾವಿರ ಶಿಲ್ಲಿಂಗಿನ ಆಸುಪಾಸಿನಲ್ಲಿ ಮಾರತೊಡಗಿತು. ಅದರ ಪರದೆ ಮೂರು ಇಂಚೂ ಇಲ್ಲ. ಎಮ್ಯುಲೇಟರಿನ ವಿಶಾಲ ಪರದೆಯಲ್ಲಿ ಮೆರೆದ ಗುಂಡಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡಿದವು.

ಆದರೆ ಎಂಲ್ಯಾಬಿನ ಕಪಾಟಿಗಿಂತ ದೊಡ್ಡ ಕಪಾಟು ನಡುಪೇಟೆಯಲ್ಲೇ ಇತ್ತು, ಈಗಲೂ ಇದೆ: ಲುಥುಲಿ ಅವೆನ್ಯೂ. ನಮ್ಮ ಎಸ್.ಪಿ. ರಸ್ತೆಯ ತಮ್ಮ ಎನ್ನಿ. ಅಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನಿಲ್ಲ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಿರುವ ‘ನೋಕಿಯಾ’ಗಳೂ ಇಂಥ ಬೀದಿಗಳಿಂದಲೇ ಜನರ ಕೈ ಸೇರಿದವು. ಆ ಫೋನುಗಳು ಯಾವ ಕಂಪನಿಯ ಪರೀಕ್ಷೆಯ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಕೊನೆಗೆ ಸರ್ಕಾರದ ಸಂಪರ್ಕ ಆಯೋಗ 2012ರ ಸೆಪ್ಟೆಂಬರ್ 30ರ ರಾತ್ರಿ, ನಕಲಿ ಎಂದು ಕಂಡುಬಂದ ಸುಮಾರು 19 ಲಕ್ಷ ಫೋನುಗಳ ಸಂಪರ್ಕ ಕಡಿಯಿತು. ಪ್ರತಿ ಫೋನಿಗಿರುವ ಹದಿನೈದಂಕಿಯ ಗುರುತು ಸಂಖ್ಯೆಯೇ ಅದಕ್ಕೆ ಆಧಾರ. ನಕಲಿ ಮಾರಿದವನಿಗೆ ಆಗಲೇ ದುಡ್ಡು ಬಂದಿತ್ತು, ನಷ್ಟ ಕೊಂಡವನದು. ಅವನ ಎಂ-ಪೆಸಾ ಮಾತ್ರ ಉಳಿಯಿತು, ಏಕೆಂದರೆ ಅದು ಫೋನಿನಲ್ಲಿರಲಿಲ್ಲ. ಸಿಮ್ ಕಿತ್ತು ಇನ್ನೊಂದು ಫೋನಿಗೆ ಹಾಕಿದರಾಯಿತು.

ಎಂ-ಪೆಸಾಕ್ಕೂ ಈಗ ಒಂದು ಸಿಮ್ಯುಲೇಟರ್ ಇದೆ. 2017ರಲ್ಲಿ ಸಫಾರಿಕಾಂ ‘ದರಾಜಾ’ ಎಂಬ ವ್ಯವಸ್ಥೆಯನ್ನು ಹೊರಗಿನ ಎಂಜಿನಿಯರುಗಳಿಗೆ ತೆರೆಯಿತು. ಸ್ವಾಹಿಲಿಯಲ್ಲಿ ದರಾಜಾ ಎಂದರೆ ಸೇತುವೆ. ಅದರ ಆಟದ ಅಂಗಳದಲ್ಲಿ ಒಂದು ಕಾಲ್ಪನಿಕ ಅಂಗಡಿಯ ಸಂಖ್ಯೆ ಕೊಟ್ಟಿರುತ್ತಾರೆ, 174379. ಇಲ್ಲಿ ಪ್ರೋಗ್ರಾಮು ಬರೆಯುವವರಲ್ಲಿ ಅನೇಕರಿಗೆ ಆ ಸಂಖ್ಯೆ ಮನೆಯ ನಂಬರಿನಂತೆ ಬಾಯಿಪಾಠ. ಅಲ್ಲಿ ಎಲ್ಲ ಸರಿಹೋದ ಮೇಲೆ ನಿಜವಾದ ಸಂಖ್ಯೆ ಹಾಕಿ, ಸ್ವಂತ ಫೋನಿನಿಂದ ಒಂದು ಶಿಲ್ಲಿಂಗ್ ಕಳಿಸಿ ನೋಡುತ್ತಾರೆ. ಆಗ ಪರದೆಯ ಮೇಲೆ ಪಿನ್ ಕೇಳುವ ಪುಟ್ಟ ಚೌಕವೊಂದು ಮೂಡುತ್ತದೆ. ಎಷ್ಟೇ ದುಬಾರಿ ಫೋನಿರಲಿ, ಆ ಚೌಕ ಬರುವುದು ಇವತ್ತಿಗೂ ಸಿಮ್ ಕಾರ್ಡಿನಿಂದಲೇ.