ಕುಮಟಾದ ಹತ್ತಿಯೂ ಬೆಂಗಳೂರಿನ ಬ್ಲಾಕ್ ಡ್ರೈವರೂ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದದ್ದು ಘಟ್ಟದ ಮೇಲೆ. ಗಾಡಿಯಲ್ಲಿ ಇಳಿದು ಬಂದು ಕುಮಟಾ ಬಂದರಿನಲ್ಲಿ ಮುಂಬೈ ದಾರಿ ಹಿಡಿಯುತ್ತಿದ್ದುದಕ್ಕೆ ಆ ಹೆಸರು ಬಂತು. 1880ರ ದಶಕದಲ್ಲಿ ಗೋವಾದ ಮುರ್ಮುಗೋವಾ ಬಂದರಿಗೆ ರೈಲು ಹಾಕಿದ ಮೇಲೆ ಕುಮಟಾದಲ್ಲಿ ಗಾಡಿಯಿಂದ ಇಳಿಸಿ ಹಡಗಿಗೆ ಏರಿಸುವ ಕೆಲಸವೇ ತಪ್ಪಿ, ಅಲ್ಲಿನ ವ್ಯಾಪಾರ ಸೊರಗಿತು. ಸಾಗಣೆಯನ್ನು ದೂರಕ್ಕಿಂತ ಹೆಚ್ಚು ನಿಧಾನಗೊಳಿಸುವುದು ನಡುವಿನ ಕೈಬದಲಾವಣೆ. ಕಂಪ್ಯೂಟರಿನ ಸಂಗ್ರಹದಲ್ಲೂ ಇದು ನಿಜ. 2012ರಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರ್ ಭರತ ಬಿ. ರಾವ್ ಬರೆದ ಗ್ಲಸ್ಟರ್ ಡ್ರೈವರೇ ಇದಕ್ಕೆ ಪುರಾವೆ.

ಹಲವು ಯಂತ್ರಗಳ ಡಿಸ್ಕುಗಳನ್ನು ಒಂದೇ ಸಂಗ್ರಹವಾಗಿ ಕಾಣಿಸುವ ತಂತ್ರಾಂಶ ಗ್ಲಸ್ಟರ್. ವರ್ಚುವಲ್ ಯಂತ್ರದ ಇಡೀ ಹಾರ್ಡ್ ಡಿಸ್ಕ್ ಅದರಲ್ಲಿ ಒಂದು ದೊಡ್ಡ ಫೈಲು, ಅಷ್ಟೆ. ಮೊದಲು, ವರ್ಚುವಲ್ ಯಂತ್ರವನ್ನು ನಡೆಸುವ ತಂತ್ರಾಂಶವಾದ ಕ್ಯೂಇಎಂಯು ಆ ಫೈಲನ್ನು ಫ್ಯೂಸ್ ಮೂಲಕ, ಅಂದರೆ ಕರ್ನಲ್‌ನ ಹೊರಗಿನ ಪ್ರಕ್ರಿಯೆಯೊಂದು ಫೈಲ್ ವ್ಯವಸ್ಥೆಯನ್ನು ಒದಗಿಸಲು ಬಿಡುವ ಸೌಲಭ್ಯದ ಮೂಲಕ, ಮುಟ್ಟಬೇಕಿತ್ತು: ಪ್ರತಿ ಓದು-ಬರಹವೂ ಕರ್ನಲ್‌ಗೆ ಹೋಗಿ, ಅಲ್ಲಿಂದ ಗ್ಲಸ್ಟರ್‌ನ ಪ್ರಕ್ರಿಯೆಗೆ ಬಂದು, ಮತ್ತೆ ಕರ್ನಲ್ ದಾಟಿ ನೆಟ್‌ವರ್ಕ್ ಸೇರುತ್ತಿತ್ತು. ಹೊಸ ಡ್ರೈವರ್ ಲಿಬ್‌ಜಿಎಫ್‌ಎಪಿಐ ಎಂಬ ಲೈಬ್ರರಿಯನ್ನು ಕ್ಯೂಇಎಂಯು ಒಳಗೇ ತಂದು ಈ ಸುತ್ತನ್ನು ತಪ್ಪಿಸಿತು. ಕ್ಯೂಇಎಂಯುವಿನ 2012ರ ಡಿಸೆಂಬರಿನ 1.3ನೇ ಆವೃತ್ತಿಯಲ್ಲಿ ಅದು ಜಗತ್ತಿಗೆ ದೊರೆಯಿತು. ಆದರೆ ಕಷ್ಟದ ಕೆಲಸ ಬೇರೆಯೇ ಇತ್ತು. ಕೆಲಸ ಮುಗಿದ ಸುದ್ದಿ ಬರುವುದು ಗ್ಲಸ್ಟರ್‌ನ ಥ್ರೆಡ್‌ನಲ್ಲಿ. ಅದನ್ನು ಅತಿಥಿ ಯಂತ್ರಕ್ಕೆ ತಿಳಿಸಬೇಕಾದದ್ದು ಕ್ಯೂಇಎಂಯು ತನ್ನದೇ ಲೂಪಿನಿಂದ. ಮೊದಲ ಆವೃತ್ತಿ ಆ ಕೋರಿಕೆಯ ಪಾಯಿಂಟರನ್ನು ಒಂದು ಪೈಪಿಗೆ ಬರೆಯುತ್ತಿತ್ತು, ಲೂಪು ಅದನ್ನು ಓದಿಕೊಳ್ಳುತ್ತಿತ್ತು. ಆಮೇಲೆ ಪೈಪನ್ನು ಕೈಬಿಟ್ಟು ಕೆಲಸವನ್ನು ಲೂಪಿಗೆ ಒಪ್ಪಿಸುವ ಕ್ಯೂಇಎಂಯುವಿನದೇ ‘ಬಾಟಮ್ ಹಾಫ್’ ವ್ಯವಸ್ಥೆಯನ್ನು ಬಳಸಲಾಯಿತು. ಬೇಕಿಲ್ಲದ ನಡುದಾರಿಯನ್ನು ತೆಗೆಯುವ ಕೆಲಸ ಡ್ರೈವರಿನ ಒಳಗೂ ಮುಂದುವರಿದಿತ್ತು ಎನ್ನುವುದೇ ನನಗೆ ಇದರಲ್ಲಿ ಅತ್ಯಂತ ಮೆಚ್ಚಿಕೆಯಾದ ಸಂಗತಿ.

ಇದೇ ಡ್ರೈವರನ್ನು 2024ರಲ್ಲಿ, 9.2ನೇ ಆವೃತ್ತಿಯಲ್ಲಿ, ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಲಾಯಿತಲ್ಲ, ಶ್ರಮ ವ್ಯರ್ಥವಾಯಿತಲ್ಲವೇ ಎಂದು ಕೇಳಬಹುದು. ಸೊರಗಿದ್ದು ಗ್ಲಸ್ಟರ್ ಯೋಜನೆ. ಡ್ರೈವರಿನ ತರ್ಕ ಸೋಲಲಿಲ್ಲ. ಗ್ಲಸ್ಟರ್‌ನಂತೆಯೇ ಹಲವು ಯಂತ್ರಗಳಲ್ಲಿ ಹರಡಿದ ಸೆಫ್ ಸಂಗ್ರಹದ ಆರ್‌ಬಿಡಿ ಡ್ರೈವರ್ ಕೂಡ ಲೈಬ್ರರಿಯ ಮೂಲಕ ನೇರವಾಗಿ ಮಾತಾಡುವ ಇದೇ ದಾರಿಯಲ್ಲಿ ಬಳಕೆಯಲ್ಲಿದೆ. ಬಹುರಾಷ್ಟ್ರೀಯ ಕಂಪನಿಯ ಸಂಬಳದ ಕೆಲಸದಲ್ಲಿ ನಮ್ಮದೇನು ಎಂಬ ಆಕ್ಷೇಪಕ್ಕೂ ಉತ್ತರವಿದೆ: ಕೋಡ್ ಮುಕ್ತ ಪರವಾನಗಿಯದು, ಓದಲು ಯಾರ ಅಪ್ಪಣೆಯೂ ಬೇಡ. ಭಟ್ಕಳದಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ, ಹೊನ್ನಾವರದ, ಕುಮಟಾದ ವಿದ್ಯಾರ್ಥಿಗಳು ಕ್ಯೂಇಎಂಯುವಿನ ‘ಬ್ಲಾಕ್’ ಕಡತಕೋಶವನ್ನು ತೆರೆದು, ಈ ಡ್ರೈವರಿನ ಮೊದಲ ಆವೃತ್ತಿಯಿಂದಲೇ ಓದಲು ಶುರುಮಾಡಲಿ.